ಬಿಳಿ ಟೇಪು, ಬಣ್ಣದ ಟೇಪು, ಲೇಸಿನ ಪಟ್ಟಿ: ತೋಟದ ಇಳಿಜಾರಿನಲ್ಲಿ ಉಳುಕಿದ ಕಾಲಿಗೆ ಯಾವುದು?

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಿಗ್ಗದ ಬಿಳಿ ಟೇಪು ಕೊಳ್ಳಬಹುದು, ಆದರೆ ಸುತ್ತುವುದನ್ನು ಗೊತ್ತಿದ್ದವರ ಹತ್ತಿರ ಕಲಿಯಬೇಕು. ಹಿಗ್ಗುವ ಬಣ್ಣದ ಟೇಪಿನಿಂದ ಆಸರೆ ಸಿಗುತ್ತದೆ ಅಂತ ನಂಬಿ ದುಡ್ಡು ಹಾಕಬೇಡಿ. ದಿನವಿಡೀ ತೋಟ ಸುತ್ತುವವರಿಗೆ ಲೇಸು ಕಟ್ಟುವ ಆ್ಯಂಕಲ್ ಸಪೋರ್ಟ್ ಒಳ್ಳೆಯದು, ಮಳೆಗಾಲ ಒಂದನ್ನು ಬಿಟ್ಟು.

ನಾನು ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ ಹೋಗುವಾಗ ಸಿಗುವ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಕೆಲಸದವರ ಹಾಜರಿ, ಕೆಲಸ ನೋಡಿಕೊಳ್ಳುವವನು. ಬೆಳಗ್ಗೆ ಹಾಜರಿ ಹಾಕಿ, ಕೆಲಸ ಹಂಚಿದ ಮೇಲೆ ಸಂಜೆವರೆಗೆ ಹತ್ತುವುದು, ಇಳಿಯುವುದು. ಸಮತಟ್ಟು ಅಂತ ಇರುವುದು ಕಾಫಿ ಒಣಗಿಸುವ ಕಣ ಒಂದೇ. ಉಳಿದದ್ದೆಲ್ಲ ಇಳಿಜಾರು, ಜಾರುವ ಸಿಲ್ವರ್ ಓಕ್ ಎಲೆ, ಮರದ ಬೇರು. ಹೂ ಅರಳಿಸುವ ಕಾಲದಲ್ಲಿ ದಾರಿಗೆ ಅಡ್ಡ ಬಿದ್ದಿರುವ ಸ್ಪ್ರಿಂಕ್ಲರ್ ಪೈಪು. ಇದರ ಮೇಲೆ ಆನೆ ಬೇರೆ. ಮಳೆಯಲ್ಲಿ ಆನೆ ನಡೆದ ಕಡೆ ಆಳವಾದ ಗುಂಡಿ ಬೀಳುತ್ತದೆ. ಮಣ್ಣು ಒಣಗಿದರೆ ಅದು ಹಾಗೇ ಗಟ್ಟಿಯಾಗುತ್ತದೆ, ಮೇಲೆ ಎಲೆ ಉದುರಿ ಮುಚ್ಚಿಕೊಳ್ಳುತ್ತದೆ. ನನ್ನ ಬಲಗಾಲು ಒಳಕ್ಕೆ ಮಡಚಿದ್ದು ಅಂಥದ್ದೊಂದು ಗುಂಡಿಯಲ್ಲಿ. ಆನೆ ಎದುರಿಗೆ ಬಾರದೆಯೇ ನನ್ನನ್ನು ಕೆಡವಿತು ಅಂತ ಕೆಲಸದವರು ಇವತ್ತಿಗೂ ನಗುತ್ತಾರೆ.

ಪಾದ ಒಳಕ್ಕೆ ಮಡಚಿದರೆ ಪೆಟ್ಟು ಬೀಳುವುದು ಹೊರಗಿನ ಗಿಣ್ಣಿನ ಸುತ್ತ ಇರುವ ಲಿಗಮೆಂಟುಗಳಿಗೆ, ಅಂದರೆ ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಗಟ್ಟಿ ನಾರುಗಳಿಗೆ. ಅಲ್ಲಿ ಮೂರು ಇವೆ. ಸಾಮಾನ್ಯವಾಗಿ ಮುಂದಿನದ್ದು ಮೊದಲು ಎಳೆದುಕೊಳ್ಳುತ್ತದೆ, ಇಲ್ಲವೇ ಹರಿಯುತ್ತದೆ. ಊತ ಇಳಿದು, ನೋವು ಹೋಗಿ, ಎಲ್ಲಾ ಸರಿಯಾಯಿತು ಅಂದುಕೊಳ್ಳುವ ಹೊತ್ತಿಗೆ ಅದೇ ಕಾಲು ಮತ್ತೆ ಉಳುಕುತ್ತದೆ. ನನಗೆ ಆದದ್ದೂ ಅದೇ. ಸಣ್ಣ ಕಲ್ಲು ಸಾಕಾಗುತ್ತಿತ್ತು.

ಮಡಿಕೇರಿಯಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬರ ಹತ್ತಿರ ಹೋದೆ. ವಯಸ್ಸಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು. ಅವರು ಮಾಡಿದ ಒಂದು ಕೆಲಸದಿಂದಲೇ ಈ ವಿಮರ್ಶೆ ಬರೆಯುವ ಮನಸ್ಸಾಯಿತು. ಟೇಪು ಹಾಕುವ ಮೊದಲು ನನ್ನನ್ನು ಕಾರಿಡಾರಿನಲ್ಲಿ ಬರಿಗಾಲಲ್ಲಿ ನಡೆಸಿ, ಹಿಂದಿನಿಂದಲೂ ಪಕ್ಕದಿಂದಲೂ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದರು. ಟೇಪು ಹಾಕಿದ ಮೇಲೆ ಮತ್ತೆ ತೆಗೆದರು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ತೋರಿಸಿದರು.

"ಅಂಕಲ್, ನೆಲದ ಮೇಲಿರೋ ಕಾಲು ನೋಡಬೇಡಿ. ಗಾಳಿಯಲ್ಲಿರೋ ಕಾಲು ನೋಡಿ" ಅಂದರು.

ನೋಡಿದೆ. ಟೇಪಿಲ್ಲದ ವಿಡಿಯೋದಲ್ಲಿ ಬಲಗಾಲು ಎತ್ತಿ ಮುಂದಕ್ಕೆ ಒಯ್ಯುವಾಗ ಬೆರಳು ಕೆಳಕ್ಕೆ ಜೋತಿತ್ತು. ಅಂಗಾಲು ಸ್ವಲ್ಪ ಒಳಕ್ಕೆ ತಿರುಗಿತ್ತು. ಹಿಮ್ಮಡಿಯ ಹೊರ ಅಂಚು ಮೊದಲು ನೆಲಕ್ಕೆ ತಾಗುತ್ತಿತ್ತು. ಎಡಗಾಲಿನಲ್ಲಿ ಹಾಗೆ ಇರಲಿಲ್ಲ. ಟೇಪು ಹಾಕಿದ ಮೇಲೆ ಬೆರಳು ಮೇಲಕ್ಕೆ ಬಂದಿತ್ತು, ಅಂಗಾಲು ನೇರವಾಗಿತ್ತು, ಹಿಮ್ಮಡಿ ಪೂರ್ತಿ ಊರುತ್ತಿತ್ತು. ಪದೇ ಪದೇ ಉಳುಕುವ ಕಾಲುಗಳನ್ನು ಪ್ರಯೋಗಾಲಯದಲ್ಲಿ ಕ್ಯಾಮೆರಾ ಇಟ್ಟು ಅಳೆದವರಿಗೂ ಇಂಥದ್ದೇ ಕಂಡಿದೆಯಂತೆ. ಟೇಪು ಹಾಕಿದಾಗ ಪಾದ ಕೆಳಕ್ಕೆ ಬಾಗುವುದೂ ಒಳಕ್ಕೆ ತಿರುಗುವುದೂ ಕಡಿಮೆಯಾಗುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಪಾದ ವಾರೆಯಾಗಿ ಇಳಿದರೆ ಅದನ್ನು ನೆಟ್ಟಗೆ ಮಾಡಲು ಸಮಯವೇ ಇರುವುದಿಲ್ಲ. ಮೀನಖಂಡದ ಹೊರಬದಿಯಲ್ಲಿ ಪಾದವನ್ನು ಹೊರಕ್ಕೆ ಎಳೆಯುವ ಸ್ನಾಯು ಇದೆ. ಕಾಲು ಮಡಚುತ್ತಿದೆ ಅಂತ ಸುದ್ದಿ ಹೋಗಿ, ಆ ಸ್ನಾಯು ಬಿಗಿದುಕೊಳ್ಳುವಷ್ಟರಲ್ಲಿ ಲಿಗಮೆಂಟಿನ ಕಥೆ ಮುಗಿದಿರಬಹುದು. ಹಾಗಾಗಿ ಕಾಲು ಇಳಿಯುವ ಮೊದಲೇ ಸರಿಯಾದ ಕೋನದಲ್ಲಿ ಇರಬೇಕು. ಟೇಪು ಅಂದರೆ ಪೆಟ್ಟು ಬಿದ್ದಾಗ ತಡೆಯುವ ಗೋಡೆ ಅಂತ ನಾನು ಅಂದುಕೊಂಡಿದ್ದೆ. ಅದರ ದೊಡ್ಡ ಉಪಕಾರ ಪೆಟ್ಟಿಗೂ ಮೊದಲೇ, ಕಾಲು ಗಾಳಿಯಲ್ಲಿರುವಾಗ ನಡೆಯುತ್ತದೆ.

ಈಗ ಟೇಪಿನ ವಿಷಯ. ನಾನು ಹೇಳುತ್ತಿರುವುದು ಜಿಂಕ್ ಆಕ್ಸೈಡ್ ಅಂಟಿನ, ಹತ್ತಿ ಬಟ್ಟೆಯ, ಒಂಚೂರೂ ಹಿಗ್ಗದ ಬಿಳಿ ಟೇಪು. ಅಗಲ 38 ಮಿಲಿಮೀಟರ್. 50ರದ್ದೂ ಸಿಗುತ್ತದೆ, ಆದರೆ ಹಿಮ್ಮಡಿಯ ತಿರುವಿನಲ್ಲಿ ಅದು ಸುಕ್ಕಾಗುತ್ತದೆ. 13.7 ಮೀಟರಿನ ಒಂದು ಉಂಡೆ ಒಂದು ಕಾಲಿಗೆ ಎರಡು ಮೂರು ಸಲಕ್ಕೆ ಬರುತ್ತದೆ. ದಿನಾ ಹಾಕುತ್ತೇನೆ ಅಂತ ಹೊರಟರೆ ತಿಂಗಳಿಗೆ ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ. ರೈಟರ್ ಸಂಬಳಕ್ಕೆ ಅದು ಹೊಂದುವ ಲೆಕ್ಕ ಅಲ್ಲ.

ಸುತ್ತುವಾಗ ಪಾದ ಮೀನಖಂಡಕ್ಕೆ 90 ಡಿಗ್ರಿಯಲ್ಲಿ ನಿಂತಿರಬೇಕು. ಬೆರಳು ಜೋತು ಬಿಟ್ಟರೆ ಅದೇ ಭಂಗಿಯಲ್ಲಿ ಕಟ್ಟಿ ಹಾಕಿದ ಹಾಗಾಗುತ್ತದೆ. ಕೂದಲು ಬೋಳಿಸಿ, ತೆಳು ಸ್ಪಂಜಿನ ಅಂಡರ್‌ರ‍್ಯಾಪ್ ಒಂದು ಸುತ್ತು ಹಾಕಿ, ಮೇಲೆ ಮೀನಖಂಡದ ಕೆಳಗೆ ಒಂದು ಪಟ್ಟಿ, ಪಾದದ ನಡುವೆ ಒಂದು ಪಟ್ಟಿ. ಇವೆರಡೂ ಲಂಗರು. ಆಮೇಲೆ ಒಳಗಿನ ಗಿಣ್ಣಿನ ಮೇಲಿನಿಂದ ಇಳಿದು, ಹಿಮ್ಮಡಿಯ ಕೆಳಗೆ ಹಾದು, ಹೊರಬದಿಯಲ್ಲಿ ಬಿಗಿಯಾಗಿ ಮೇಲಕ್ಕೆ ಎಳೆಯುವ ಪಟ್ಟಿಗಳು. ಕಾಲು ಒಳಕ್ಕೆ ಮಡಚದ ಹಾಗೆ ಹಿಡಿಯುವುದು ಇವೇ. ಕೊನೆಗೆ ಹಿಮ್ಮಡಿಯನ್ನು ಎರಡೂ ಕಡೆಯಿಂದ ಬಂಧಿಸುವ ಹೀಲ್ ಲಾಕ್, ಅದರ ಮೇಲೆ ಎಂಟರ ಆಕಾರದ ಸುತ್ತು. ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವ ಹದ ಗೊತ್ತಲ್ವಾ, ಬೀಳಲೂಬಾರದು, ಕತ್ತು ಹಿಸುಕಲೂಬಾರದು. ಅದೇ ಹದ ಬೇಕು. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರಬೇಕು. ಬರದಿದ್ದರೆ, ಬೆರಳು ಜೋಮು ಹಿಡಿದರೆ, ನೀಲಿಯಾದರೆ ಆ ಕ್ಷಣವೇ ಕತ್ತರಿಸಿ.

ಸಮತಟ್ಟು ನೆಲದಲ್ಲಿ ನಡೆದಾಗ ಏನು ಬದಲಾಗುತ್ತದೆ? ಒಂದು ಕಾಲಿನ ಲೆಕ್ಕದಲ್ಲಿ, ಹಿಮ್ಮಡಿ ಊರಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ಊರುವವರೆಗಿನ ಸಮಯದಲ್ಲಿ ನೂರಕ್ಕೆ ಸುಮಾರು 60 ಭಾಗ ಪಾದ ನೆಲದ ಮೇಲಿರುತ್ತದೆ, 40 ಭಾಗ ಗಾಳಿಯಲ್ಲಿರುತ್ತದೆ. ನೆಲದ ಮೇಲಿರುವಾಗ ಮೀನಖಂಡ ಪಾದದ ಮೇಲೆ ಸುಮಾರು 10 ಡಿಗ್ರಿ ಮುಂದಕ್ಕೆ ವಾಲುತ್ತದೆ. ಬಿಡುವ ಹೊತ್ತಿಗೆ ಬೆರಳು 15ರಿಂದ 20 ಡಿಗ್ರಿ ಕೆಳಕ್ಕೆ ಒದೆಯುತ್ತದೆ. ಬಿಳಿ ಟೇಪು ಕತ್ತರಿ ಹಾಕುವುದು ಮುಖ್ಯವಾಗಿ ಈ ಕೊನೆಯ ಒದೆತಕ್ಕೆ. ಹಿಂದಿನಿಂದ ತಳ್ಳುವ ಬಲ ಕಡಿಮೆಯಾದ ಹಾಗೆ ಅನಿಸುತ್ತದೆ. ನನ್ನ ಹೆಜ್ಜೆ ಬಲಗಡೆ ಗಿಡ್ಡವಾಯಿತು. ತಳ್ಳುವ ಕೆಲಸದಲ್ಲಿ ಸ್ವಲ್ಪ ಪಾಲನ್ನು ಸೊಂಟ ತೆಗೆದುಕೊಂಡಿತು, ತೊಡೆ ಎತ್ತಿ ಎಳೆದುಕೊಳ್ಳುವ ಹಾಗೆ. ಕಣದಲ್ಲಿ ಓಡಾಡುವಾಗ ಇದು ದೊಡ್ಡ ವಿಷಯವೇ ಅಲ್ಲ. ಐದು ನಿಮಿಷದಲ್ಲಿ ಮರೆತುಹೋಗುತ್ತದೆ.

ತೋಟಕ್ಕೆ ಇಳಿದಾಗ ಮಾತ್ರ ವಿಷಯ ಬೇರೆ.

ಮಣ್ಣು ಕಡಿದು ಮಾಡಿದ ಮೆಟ್ಟಿಲು ಇಳಿಯುವಾಗ ನಾವು ಮೊದಲು ಊರುವುದು ಹಿಮ್ಮಡಿ ಅಲ್ಲ, ಪಾದದ ಮುಂಭಾಗ. ಬೆರಳು ಕೆಳಕ್ಕೆ ಚಾಚುತ್ತದೆ, ಮೀನಖಂಡ ಭಾರವನ್ನು ಮೆತ್ತಗೆ ಇಳಿಸುತ್ತದೆ. ಟೇಪು ಕಟ್ಟಿದ ಪಾದ ಅಷ್ಟು ಚಾಚುವುದಿಲ್ಲ. ಚಪ್ಪಟೆಯಾಗಿ ಬೀಳುತ್ತದೆ. ಆಗ ಭಾರ ಇಳಿಸುವ ಕೆಲಸ ಮಂಡಿಯ ಪಾಲಿಗೆ ಬರುತ್ತದೆ. ಸಂಜೆ ನನಗೆ ನೋಯುತ್ತಿದ್ದದ್ದು ಪಾದದ ಗಂಟಲ್ಲ, ಮಂಡಿ ಚಿಪ್ಪಿನ ಕೆಳಗೆ. ಮೊದಲೇ ಮಂಡಿ ನೋವಿರುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಟೇಪು ಕಾಲಿನ ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಮೇಲಿನ ಮನೆಗೆ ವರ್ಗ ಮಾಡುತ್ತದೆ.

ಇನ್ನೊಂದು ಅಡ್ಡ ಇಳಿಜಾರು. ಕಾಫಿ ಸಾಲಿನ ಮಧ್ಯೆ ಗುಡ್ಡಕ್ಕೆ ಅಡ್ಡಲಾಗಿ ನಡೆಯುವಾಗ ಒಂದು ಕಾಲು ಗುಡ್ಡದ ಕಡೆ, ಇನ್ನೊಂದು ಕಣಿವೆಯ ಕಡೆ ಇರುತ್ತದೆ. ಕಣಿವೆ ಕಡೆಯ ಪಾದ ನೆಲಕ್ಕೆ ಹೊಂದಿಕೊಳ್ಳಬೇಕಾದರೆ ಒಳಕ್ಕೆ ತಿರುಗಲೇಬೇಕು. ಟೇಪು ತಡೆಯುವುದೂ ಅದನ್ನೇ! ಬಲಗಾಲು ಕಣಿವೆ ಕಡೆ ಇದ್ದಾಗ ಪಾದದ ಒಳ ಅಂಚು ಮಾತ್ರ ನೆಲಕ್ಕೆ ತಾಗಿದ ಹಾಗೆ, ಕಾಲು ಕೋಲಿನ ಮೇಲಿಟ್ಟ ಹಾಗೆ ಅನಿಸುತ್ತಿತ್ತು. ವಾಪಸ್ ಬರುವಾಗ ಅದೇ ಕಾಲು ಗುಡ್ಡದ ಕಡೆಗೆ ಬರುತ್ತದೆ, ಆಗ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಟೇಪು ಕಟ್ಟಿದ ದಿನ ನಾನು ಸಾಲು ಸುತ್ತುವ ದಿಕ್ಕನ್ನೇ ಬದಲಿಸಿದೆ. ಕೆಲಸದವರಿಗೆ ಕಾರಣ ಹೇಳಲಿಲ್ಲ, ಸುಮ್ನೆ ತಲೆ ಕೆರೆದುಕೊಂಡರು.

ಇಷ್ಟಾದರೂ ಬಿಳಿ ಟೇಪು ಕೊಳ್ಳಿ ಅನ್ನುತ್ತೇನೆ. ಯಾಕೆಂದರೆ ಅದು ಕಟ್ಟಿದ ಹೊತ್ತಿನಲ್ಲಿ ಕಾಲು ಉಳುಕಲಿಲ್ಲ, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇರಲಿಲ್ಲ. ನನ್ನ ಅನುಭವ ಒಂದೇ ನೋಡಬೇಡಿ. 1973ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರ ಬಗ್ಗೆ ಪ್ರಕಟವಾದ ಹೆಸರುವಾಸಿ ಅಧ್ಯಯನದಲ್ಲಿ ಟೇಪು ಹಾಕಿದವರಿಗೆ ಉಳುಕು ಕಡಿಮೆ ಕಂಡಿತ್ತು. ಮೊದಲೇ ಒಮ್ಮೆ ಉಳುಕಿಸಿಕೊಂಡವರಿಗೆ ಲಾಭ ಜಾಸ್ತಿ ಅನ್ನುವುದು ಆಮೇಲಿನ ಅಧ್ಯಯನಗಳಲ್ಲೂ ಬಂದಿದೆ. ಯಾವತ್ತೂ ಉಳುಕದ ಕಾಲಿಗೆ ಸುಮ್ಮನೆ ಸುತ್ತಿಕೊಂಡು ಓಡಾಡುವುದರಲ್ಲಿ ಅಷ್ಟು ಅರ್ಥವಿಲ್ಲ.

ದೊಡ್ಡ ಕೊರತೆ ಅಂದರೆ ಸಡಿಲವಾಗುವುದು. ನಡಿಗೆ ಶುರುವಾಗಿ ಹತ್ತಿಪ್ಪತ್ತು ನಿಮಿಷ ಆಗುವಷ್ಟರಲ್ಲಿ ಮೊದಲಿನ ಬಿಗಿ ಸಾಕಷ್ಟು ಇಳಿದಿರುತ್ತದೆ. ಇದು ನನ್ನ ದೂರು ಮಾತ್ರ ಅಲ್ಲ, 1960ರ ದಶಕದಿಂದಲೂ ಅಳೆದು ನೋಡಿದ್ದಾರೆ. ಪೂರ್ತಿ ನಿರುಪಯೋಗ ಆಗುವುದಿಲ್ಲ, ತುಂಬಾ ಮಡಚದಂತೆ ತಡೆಯುವುದು ಸ್ವಲ್ಪ ಉಳಿಯುತ್ತದೆ. ಚರ್ಮ ಎಳೆದ ಹಾಗಾಗುವುದರಿಂದ ಕಾಲು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ ಅಂತಲೂ ಹೇಳುತ್ತಾರೆ, ಆದರೆ ಆ ವಿಷಯದಲ್ಲಿ ಪ್ರಯೋಗಗಳ ಫಲಿತಾಂಶ ಒಂದೇ ಥರ ಇಲ್ಲ.

ಸಡಿಲವಾಗುವುದರ ಕಷ್ಟ ಗೊತ್ತಾಗಬೇಕಾದರೆ ಬೆಟ್ಟ ಹತ್ತಬೇಕು. ನಮ್ಮ ಅಕ್ಕನ ಮಗ ಬೆಂಗಳೂರಿನಿಂದ ಸ್ನೇಹಿತರ ಜೊತೆ ಬಂದಿದ್ದ. ತಡಿಯಂಡಮೋಳಿಗೆ ಹೋಗುತ್ತೇವೆ, ಮಾವ ನನಗೂ ಟೇಪ್ ಸುತ್ತಿ ಅಂದ. ಅವನ ಎಡಗಾಲು ನನ್ನ ಬಲಗಾಲಿನ ಹಾಗೇ. ಕಕ್ಕಬ್ಬೆ ಕಡೆಯಿಂದ, ನಾಲ್ಕುನಾಡು ಅರಮನೆ ಹತ್ತಿರದಿಂದ ಹತ್ತುವ ದಾರಿ. 1,748 ಮೀಟರ್, ಕೊಡಗಿನಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಹತ್ತುವಾಗ ಟೇಪು ಹೊಸದು, ಬಿಗಿ. ಆದರೆ ಹತ್ತುವಾಗ ಹಿಮ್ಮಡಿ ನೆಲದಲ್ಲಿಟ್ಟು ಮೀನಖಂಡ ಚೆನ್ನಾಗಿ ಮುಂದಕ್ಕೆ ವಾಲಬೇಕು, ಹೀಲ್ ಲಾಕ್ ಬಿಗಿಯಾಗಿದ್ದರೆ ಅದಕ್ಕೂ ಸ್ವಲ್ಪ ಅಡ್ಡಿ. ಕೊನೆಯ ಕಡಿದಾದ ಏರಿನಲ್ಲಿ ಬೆರಳ ಮೇಲೆಯೇ ಹತ್ತಿದೆ ಅಂದ. ಇಳಿಯುವಾಗ, ಕಾಲು ಸೋತಿರುವಾಗ, ಸಣ್ಣ ಕಲ್ಲು ಜಾರುವಾಗ, ಟೇಪು ಬೆವರಿಗೆ ಸಡಿಲವಾಗಿ ಸಾಕ್ಸಿನ ಒಳಗೆ ಸುಕ್ಕಾಗಿತ್ತು. ಬೇಕಾದಾಗ ಇಲ್ಲ, ಬೇಡವಾದಾಗ ಬಿಗಿ. ಬೆಟ್ಟ ಹತ್ತುವವರು ಉಂಡೆಯನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ. ಮೇಲೆ ಗಾಳಿ ತಗೊಳ್ಳಲು ಕೂತಾಗ ಕಾಲು ಒರೆಸಿ, ಒಂದು ಹೀಲ್ ಲಾಕ್ ಹೊಸದಾಗಿ ಹಾಕಿ ಇಳಿಯಿರಿ.

ಬಣ್ಣದ ಟೇಪಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಇದನ್ನು ಶುರು ಮಾಡಿದ್ದು 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಮೈಮೇಲೆ ಕಂಡ ಮೇಲೆ ಪ್ರಪಂಚಕ್ಕೆಲ್ಲ ಹಬ್ಬಿತು. ಚರ್ಮದ ಹಾಗೆ ಹಿಗ್ಗಬೇಕು ಅಂತಲೇ ಮಾಡಿದ್ದು. ಹಿಗ್ಗುವ ವಸ್ತು ಪಾದ ಮಡಚುವುದನ್ನು ಹೇಗೆ ತಡೆದೀತು? ಫಿಸಿಯೋ ಅದನ್ನೂ ಹಾಕಿ ವಿಡಿಯೋ ತೆಗೆದರು. ಗಾಳಿಯಲ್ಲಿ ಬೆರಳು ಜೋತಿದ್ದು ಜೋತೇ ಇತ್ತು. ಒಳ್ಳೆಯದೂ ಇದೆ. ಸ್ನಾನ ಮಾಡಿದರೂ ಕೆಲವು ದಿನ ಬಿಡುವುದಿಲ್ಲ, ಚರ್ಮಕ್ಕೆ ಹಿತವಾಗಿರುತ್ತದೆ, ಮೀನಖಂಡ ಬಿಗಿದುಕೊಂಡಾಗ ಹಗುರ ಅನಿಸಿತು. ನಮ್ಮ ಸಾಹುಕಾರರ ಮಗನಿಗೆ ಇದೇ ಇಷ್ಟ. ಅವರು 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಪ್ರತಿ ಸಲ ತಮ್ಮ ಮನೆತನದ ಪರವಾಗಿ ಆಡುತ್ತಾರೆ. ನೀಲಿ ಟೇಪು ಹಾಕದೆ ಮೈದಾನಕ್ಕೆ ಇಳಿಯುವುದಿಲ್ಲ. "ರೈಟರೇ, ಇದು ಹಾಕಿದ್ರೆ ಧೈರ್ಯ" ಅಂತಾರೆ. ಧೈರ್ಯಕ್ಕೆ ಅಷ್ಟು ಕೊಡಬಹುದು, ತಪ್ಪಿಲ್ಲ. ಅವರ ಕಾಲು ಉಳುಕಿದ್ದಲ್ಲ.

ಈಗ ನಾನು ದಿನಾ ಬಳಸುವುದು ಲೇಸಿನ ಪಟ್ಟಿ. ಕಾಲುಚೀಲದ ಹಾಗೆ ಹಾಕಿ, ಮುಂದೆ ಲೇಸು ಬಿಗಿದು, ಎರಡು ಬದಿಯ ಪಟ್ಟಿಗಳನ್ನು ಹಿಮ್ಮಡಿಯ ಕೆಳಗಿನಿಂದ ಎಂಟರ ಆಕಾರದಲ್ಲಿ ತಂದು ವೆಲ್ಕ್ರೋಗೆ ಅಂಟಿಸುವುದು. ಟೇಪಿನ ಕೆಲಸವನ್ನೇ ಮಾಡುತ್ತದೆ, ಆದರೆ ಸಡಿಲವಾದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಬಿಗಿಯಬಹುದು. ಇದೊಂದೇ ಗುಣಕ್ಕೆ ನನ್ನ ಓಟು. ಮೆಟ್ಟಿಲು ಇಳಿಯಬೇಕಾದ ಬ್ಲಾಕಿಗೆ ಹೋಗುವಾಗ ಲೇಸು ಒಂದು ಹಂತ ಸಡಿಲಿಸುತ್ತೇನೆ, ಅಡ್ಡ ಪಟ್ಟಿ ಹಾಗೇ ಬಿಡುತ್ತೇನೆ. ಬೆರಳು ಕೆಳಕ್ಕೆ ಚಾಚುತ್ತದೆ, ಒಳಕ್ಕೆ ಮಡಚುವುದಿಲ್ಲ, ಮಂಡಿಗೂ ಆರಾಮ. ಟೇಪಿನಲ್ಲಿ ಈ ಅನುಕೂಲ ಇಲ್ಲ. ಬೆಲೆ ಟೇಪಿನ ಒಂದು ಉಂಡೆಗಿಂತ ಜಾಸ್ತಿ, ಆದರೆ ಒಂದೇ ಸಲ.

ಕೊಡಗಿನವರು ಕೇಳಬೇಕಾದ ತೊಂದರೆಗಳು ಬೇರೆ ಇವೆ. ಅಂಗಡಿಯವರು ಇವನ್ನು ಹೇಳುವುದಿಲ್ಲ. ಗಂಬೂಟಿನ ಒಳಗೆ ಇದು ಕೂರುವುದಿಲ್ಲ. ಒಂದು ಸೈಜು ದೊಡ್ಡ ಬೂಟು ತಗೊಂಡರೆ ಪಾದ ಒಳಗೇ ಜಾರುತ್ತದೆ. ಜೂನ್‌ನಲ್ಲಿ ಒದ್ದೆಯಾದ ಪಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೂ ಮರುದಿನಕ್ಕೆ ಒಣಗುವುದಿಲ್ಲ, ವಾಸನೆ ಬೇರೆ. ಬೇಸಿಗೆಯಲ್ಲಿ ಹುಲ್ಲಿನ ಬೀಜ ವೆಲ್ಕ್ರೋದಲ್ಲಿ ಕೂತು ಅಂಟೇ ಹೋಗುತ್ತದೆ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು. ಲೇಸಿನ ಸಂದಿಯಲ್ಲಿ ಜಿಗಣೆ ಹೊಕ್ಕರೆ ಸಂಜೆವರೆಗೂ ಗೊತ್ತಾಗುವುದಿಲ್ಲ, ಮೇಲೆ ಜಿಗಣೆ ಸಾಕ್ಸ್ ಹಾಕಲೇಬೇಕು. ಮಳೆಗಾಲದಲ್ಲಿ ನಾನು ಪಟ್ಟಿ ಬಿಟ್ಟು, ಕಷ್ಟದ ಬ್ಲಾಕ್ ಇರುವ ದಿನ ಮಾತ್ರ ಬಿಳಿ ಟೇಪು ಹಾಕುತ್ತೇನೆ. ಗಂಬೂಟಿನೊಳಗೆ ಅದು ತೆಳ್ಳಗೆ ಕೂರುತ್ತದೆ.

ಫಿಸಿಯೋ ಟೇಪಿಗಿಂತ ಜಾಸ್ತಿ ಹೊತ್ತು ಹೇಳಿಕೊಟ್ಟದ್ದು ವ್ಯಾಯಾಮ. ಹಲ್ಲುಜ್ಜುವಾಗ ಒಂದೇ ಕಾಲಲ್ಲಿ 30 ಸೆಕೆಂಡ್ ನಿಲ್ಲುವುದು, ಅಭ್ಯಾಸ ಆದ ಮೇಲೆ ಕಣ್ಣು ಮುಚ್ಚಿ. ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ರಬ್ಬರ್ ಬ್ಯಾಂಡನ್ನು ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ತಳ್ಳುವುದು. ನಮ್ಮ ಮನೆಯಾಕೆ "ಕೊಕ್ಕರೆ ನಿಂತಿದೆ" ಅಂತ ಮಕ್ಕಳನ್ನು ಕರೆದು ತೋರಿಸುತ್ತಿದ್ದಳು. ಈಗ ಅವಳೂ ನಿಲ್ಲುತ್ತಾಳೆ. ಆಮೇಲೆ ತೆಗೆದ ವಿಡಿಯೋದಲ್ಲಿ, ಟೇಪಿಲ್ಲದೆಯೇ, ಗಾಳಿಯಲ್ಲಿ ನನ್ನ ಬೆರಳು ಮೊದಲಿನಷ್ಟು ಜೋಲುತ್ತಿಲ್ಲ.

ಯಾರು ಟೇಪಿಗೆ ಕೈ ಹಾಕಬಾರದು ಅನ್ನುವುದೂ ಹೇಳಬೇಕು. ಉಳುಕಿದ ಹೊಸದರಲ್ಲಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಗಿಣ್ಣಿನ ಮೂಳೆಯ ಹಿಂಭಾಗದ ಅಂಚಿನಲ್ಲಿ ಒತ್ತಿದರೆ ಜೀವ ಹೋಗುವಷ್ಟು ನೋವಿದ್ದರೆ, ಮೊದಲು ಎಕ್ಸ್‌ರೇ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ವೈದ್ಯರು ಹೊರತಂದ ನಿಯಮಗಳಲ್ಲಿ ಇವೆರಡೂ ಇವೆ, ಇಂದಿಗೂ ಬಳಕೆಯಲ್ಲಿವೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು, ರಕ್ತ ಸಂಚಾರದ ತೊಂದರೆ ಇರುವವರು ತಾವಾಗಿ ಸುತ್ತಿಕೊಳ್ಳಲೇಬಾರದು. ಬಿಗಿಯಾದರೂ ಅವರಿಗೆ ಗೊತ್ತಾಗುವುದಿಲ್ಲ. ಅಂಟಿಗೆ ಕೆಲವರ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ, ಮೊದಲು ಒಂದು ಸಣ್ಣ ತುಂಡು ಅಂಟಿಸಿ ಒಂದು ದಿನ ನೋಡಿ.

ಕೊಳ್ಳುವಾಗ ಮೆಡಿಕಲ್ ಶಾಪಿನಲ್ಲಿ ಬರೀ "ಟೇಪ್ ಕೊಡಿ" ಅಂದರೆ ಗಾಯದ ಬ್ಯಾಂಡೇಜು ಅಂಟಿಸುವ ಪೇಪರ್ ಟೇಪು ಕೊಡುತ್ತಾರೆ. "ಸ್ಪೋರ್ಟ್ಸ್ ರಿಜಿಡ್ ಟೇಪ್, 38 ಎಂ.ಎಂ." ಅಂತ ಕೇಳಿ. ಇಲ್ಲ ಅಂದರೆ ಮಡಿಕೇರಿಯಿಂದ ತರಿಸಿಕೊಡಲು ಹೇಳಿ, ಎರಡು ದಿನದಲ್ಲಿ ಬರುತ್ತದೆ. ಆನ್‌ಲೈನಿನಲ್ಲಿ ಒಬ್ಬರು ಮಾರುವವರು ರಿಜಿಡ್ ಅಂತ ಬರೆದು ಹಿಗ್ಗುವ ಕ್ರೇಪ್ ಥರದ್ದು ಕಳಿಸಿದ್ದರು. ಕೈಗೆ ಬಂದ ಕೂಡಲೇ ಒಂದು ಗೇಣು ಬಿಚ್ಚಿ ಉದ್ದಕ್ಕೆ ಎಳೆದು ನೋಡಿ, ಒಂದು ಕೂದಲೆಳೆಯಷ್ಟು ಹಿಗ್ಗಿದರೂ ವಾಪಸ್ ಮಾಡಿ. ಅಡ್ಡಕ್ಕೆ ಕೈಯಲ್ಲೇ ಹರಿಯಬೇಕು. ತೆಗೆಯುವಾಗ ಚರ್ಮಕ್ಕೆ ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ನೋವಿಲ್ಲದೆ ಬರುತ್ತದೆ. ಅಗ್ಗ ಸಿಕ್ಕಿತು ಅಂತ ಡಜನ್ ಗಟ್ಟಲೆ ತಂದಿಡಬೇಡಿ. ಮುಚ್ಚಳದ ಡಬ್ಬಿಯಲ್ಲಿ ಇಡದೆ ನಮ್ಮ ಒಂದು ಮಳೆಗಾಲ ದಾಟಿಸಿದ ಉಂಡೆ ಬಿಚ್ಚಿದರೆ, ಅಂಟು ಕೆಳಗಿನ ಸುತ್ತಿನ ಬೆನ್ನ ಮೇಲೇ ಉಳಿದು, ಕೈಗೆ ಬರೀ ಬಟ್ಟೆ ಬರುತ್ತದೆ.